ಕಾರ್ಲ್ಸ್‌ಬಾಡಿನ ಬಿಸಿನೀರು ಮತ್ತು ಪಿತ್ತಕೋಶದ ಪಥ್ಯ

ಕಾರ್ಲೊವಿ ವಾರಿ ಜೆಕ್ ಗಣರಾಜ್ಯದ ಪಶ್ಚಿಮ ಭಾಗದಲ್ಲಿ, ತೆಪ್ಲಾ ನದಿಯ ಇಕ್ಕಟ್ಟಾದ ಕಣಿವೆಯಲ್ಲಿರುವ ಬಿಸಿನೀರಿನ ಬುಗ್ಗೆಗಳ ಊರು. ಜರ್ಮನ್ ಭಾಷಿಕರು ಇದನ್ನು ಕಾರ್ಲ್ಸ್‌ಬಾಡ್ ಎಂದರು. ವೈದ್ಯಗ್ರಂಥಗಳಲ್ಲಿ ನೆಲೆನಿಂತದ್ದೂ ಅದೇ ಹೆಸರು. ಜಠರ, ಯಕೃತ್ತು, ಪಿತ್ತಕೋಶಗಳ ಕಾಯಿಲೆಯವರು ಇಲ್ಲಿ ವಾರಗಟ್ಟಲೆ ತಂಗಿ, ಬುಗ್ಗೆಯ ನೀರು ಕುಡಿದು, ಪಥ್ಯ ಮಾಡಿ ಮರಳುವ ಪದ್ಧತಿ ಶತಮಾನಗಳಿಂದ ನಡೆದು ಬಂದಿದೆ.

14ನೇ ಶತಮಾನದಲ್ಲಿ ಚಕ್ರವರ್ತಿ ನಾಲ್ಕನೇ ಚಾರ್ಲ್ಸ್ ಬುಗ್ಗೆಗಳ ಬಳಿ ನೆಲೆಯೊಂದನ್ನು ಕಟ್ಟಿಸಿದನು. ಬೇಟೆಗೆ ಹೋದಾಗ ನಾಯಿಯೊಂದು ಬಿಸಿನೀರಿಗೆ ಬಿದ್ದದ್ದರಿಂದ ಬುಗ್ಗೆಗಳ ಸುಳಿವು ಸಿಕ್ಕಿತೆಂಬುದು ಐತಿಹ್ಯ. 1370ರಲ್ಲಿ ಊರಿಗೆ ಪಟ್ಟಣದ ಹಕ್ಕುಗಳು ದೊರೆತವು. ಬುಗ್ಗೆಗಳಲ್ಲಿ ದೊಡ್ಡದಾದ ವ್ರಿಡ್ಲೋ ಸುಮಾರು 73 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರನ್ನು 12 ಮೀಟರ್ ಎತ್ತರದವರೆಗೂ ಚಿಮ್ಮಿಸುತ್ತದೆ.

ಮೊದಲಲ್ಲಿ ಇಲ್ಲಿನ ಚಿಕಿತ್ಸೆಯೆಂದರೆ ಸ್ನಾನ. ರೋಗಿಗಳು ಗಂಟೆಗಟ್ಟಲೆ, ಚರ್ಮ ಬಿರಿಯುವವರೆಗೂ ನೀರಿನಲ್ಲಿ ಕೂರುತ್ತಿದ್ದರು. ಬಿರಿದ ಚರ್ಮದ ಮೂಲಕ ದೇಹದ ದೋಷ ಹೊರಬರುತ್ತದೆಂದು ನಂಬಿದ್ದರು. 1522ರಲ್ಲಿ ವೈದ್ಯ ವಾಕ್ಲಾವ್ ಪಾಯರ್ ಪ್ರಕಟಿಸಿದ ಗ್ರಂಥ, ನೀರಿನಲ್ಲಿ ಮೀಯುವುದರ ಜೊತೆಗೆ ಅದನ್ನು ಕುಡಿಯಲೂಬೇಕೆಂದು ಹೇಳಿತು. ಕುಡಿಯುವ ಪದ್ಧತಿ ಹೀಗೆ ಬೇರೂರಿತಾದರೂ ಅದೂ ಅತಿರೇಕಕ್ಕೆ ಹೋಯಿತು. ದಿನಕ್ಕೆ ಹತ್ತಾರು ಬಟ್ಟಲು ನೀರು ಕುಡಿಸುವ ವೈದ್ಯರಿದ್ದರು.

ಇದಕ್ಕೆ ಮಿತಿ ಹಾಕಿದವನು 18ನೇ ಶತಮಾನದ ವೈದ್ಯ ಡೇವಿಡ್ ಬೆಕರ್. ಬುಗ್ಗೆಗಳ ನೀರನ್ನು ರಾಸಾಯನಿಕವಾಗಿ ಪರೀಕ್ಷಿಸಿದ ಅವನು ಅದರ ಲವಣಗಳನ್ನು ಗುರುತಿಸಿದನು. ಕೋಣೆಗೆ ತರಿಸಿಕೊಂಡು ಆರಿದ ನೀರು ಕುಡಿಯುವ ಬದಲು ಬುಗ್ಗೆಯ ಬಳಿಯೇ, ಅಳತೆಮೀರದಂತೆ ಕುಡಿಯಬೇಕು, ಕುಡಿದ ಮೇಲೆ ನಡೆದಾಡಬೇಕು ಎಂಬುದು ಅವನ ಕಟ್ಟಳೆ. ನೀರನ್ನು ಬತ್ತಿಸಿ ಉಪ್ಪು ತೆಗೆಯುವ ಉದ್ಯಮ 1764ರಲ್ಲಿ ಆರಂಭವಾದದ್ದೂ ಅವನ ಪ್ರಯತ್ನದಿಂದ. ಊರಿಗೆ ಬರಲಾಗದವರ ಮನೆಗೆ ಈ ‘ಕಾರ್ಲ್ಸ್‌ಬಾಡ್ ಉಪ್ಪು’ ತಲುಪತೊಡಗಿತು.

19ನೇ ಶತಮಾನ ಊರಿನ ಏಳಿಗೆಯ ಕಾಲ. 1826ರಲ್ಲಿ ಇಲ್ಲಿಗೆ ಬಂದು ನೆಲೆಸಿದ ವೈದ್ಯ ಜಾನ್ ದ ಕಾರೊ ಫ್ರೆಂಚ್ ಭಾಷೆಯ ವಾರ್ಷಿಕ ಸಂಚಿಕೆಗಳ ಮೂಲಕ ಊರಿನ ಹೆಸರನ್ನು ದೂರದೂರಕ್ಕೆ ಹರಡಿದನು. 1870ರಲ್ಲಿ ಕಾರ್ಲ್ಸ್‌ಬಾಡಿಗೆ ರೈಲು ಬಂದಿತು. 1871ರಿಂದ 1881ರ ನಡುವೆ ವಾಸ್ತುಶಿಲ್ಪಿ ಯೋಸೆಫ್ ಜೀಟೆಕ್ 124 ಕಂಬಗಳ ಮಿಲ್ ಸಾಲುಮಂಟಪವನ್ನು ಕಟ್ಟಿದನು. ಮಳೆಯಲ್ಲೂ ರೋಗಿಗಳು ನೀರು ಹೀರುತ್ತ ಅಡ್ಡಾಡಲು ಇದರಿಂದ ಅನುಕೂಲವಾಯಿತು. ಯಕೃತ್ತಿನ ತೊಂದರೆಯಿದ್ದ ಕಾರ್ಲ್ ಮಾರ್ಕ್ಸ್ 1874ರಿಂದ ಸತತ ಮೂರು ವರ್ಷ ಇಲ್ಲಿಗೆ ಬಂದಿದ್ದನು.

ದಿನಚರಿ ಬೆಳಗಿನ ಜಾವದಲ್ಲೇ ಶುರುವಾಗುತ್ತಿತ್ತು. ಬರಿಹೊಟ್ಟೆಯಲ್ಲಿ, ಹಿಡಿಯೇ ಕೊಳವೆಯಾಗಿರುವ ಪಿಂಗಾಣಿ ಬಟ್ಟಲಿನಿಂದ ಗುಟುಕುಗುಟುಕಾಗಿ ನೀರು ಕುಡಿಯುವುದು, ಬಟ್ಟಲು ಬಟ್ಟಲಿನ ನಡುವೆ ನಡೆಯುವುದು, ಬಳಿಕ ಹಗುರವಾದ ಉಪಾಹಾರ. ಕೊಬ್ಬಿನ ಮಾಂಸ, ಬೆಣ್ಣೆ, ಹಸಿ ಹಣ್ಣುಗಳಿಗೆ ವೈದ್ಯರ ನಿಷೇಧವಿತ್ತು. ಸಂಜೆಯ ಊಟ ಮಿತವಾಗಿರುತ್ತಿತ್ತು, ಬೇಗ ಮಲಗಬೇಕಿತ್ತು.

ಈ ನೀರು ಪಿತ್ತಕೋಶದ ಕಲ್ಲನ್ನು ಕರಗಿಸುತ್ತದೆಂಬ ನಂಬಿಕೆ ಮಾತ್ರ ಉಳಿಯಲಿಲ್ಲ. ಪಿತ್ತಕೋಶದ ಕಲ್ಲುಗಳಲ್ಲಿ ಬಹುಪಾಲು ಕೊಲೆಸ್ಟರಾಲ್‌ನಿಂದಾದವು. ಬುಗ್ಗೆಯ ಲವಣಗಳಿಗೆ ಅವು ಕರಗುವುದಿಲ್ಲ. 1882ರ ಜುಲೈ 15ರಂದು ಬರ್ಲಿನ್ನಿನಲ್ಲಿ ಶಸ್ತ್ರವೈದ್ಯ ಕಾರ್ಲ್ ಲಾಂಗೆನ್‌ಬುಖ್, ಹದಿನಾರು ವರ್ಷಗಳಿಂದ ನರಳುತ್ತಿದ್ದ 43 ವರ್ಷದ ರೋಗಿಯ ಪಿತ್ತಕೋಶವನ್ನೇ ತೆಗೆದುಹಾಕಿದನು. ಕಲ್ಲು ಹುಟ್ಟುವ ಜಾಗವೇ ಅದಾದ್ದರಿಂದ ಕಲ್ಲನ್ನಷ್ಟೇ ತೆಗೆದರೆ ಸಾಲದೆಂಬುದು ಅವನ ವಾದ. ಕ್ರಮೇಣ ಶಸ್ತ್ರಚಿಕಿತ್ಸೆಯೇ ಮುಖ್ಯ ಪರಿಹಾರವಾಯಿತು.

ಆದರೂ ಹಳೆಯ ಪದ್ಧತಿಯಲ್ಲಿ ತಿರುಳಿಲ್ಲದಿರಲಿಲ್ಲ. 1919ರಲ್ಲಿ ಅಮೆರಿಕದ ವೈದ್ಯ ಲಯನ್, ಸಣ್ಣ ಕರುಳಿನ ಮೊದಲ ಭಾಗಕ್ಕೆ ಮೆಗ್ನೀಷಿಯಂ ಸಲ್ಫೇಟ್ ಹಾಯಿಸಿ ಪಿತ್ತರಸ ಹರಿದುಬರುವುದನ್ನು ವಿವರಿಸಿದನು. ಕಾರ್ಲ್ಸ್‌ಬಾಡಿನ ನೀರಿನಲ್ಲಿಯೂ ಸಲ್ಫೇಟ್ ಲವಣವಿದೆ. 1928ರಲ್ಲಿ ಸಂಶೋಧಕರಾದ ಐವಿ ಮತ್ತು ಓಲ್ಡ್‌ಬರ್ಗ್, ಪಿತ್ತಕೋಶವನ್ನು ಸಂಕುಚಿಸುವ ಕೊಲೆಸಿಸ್ಟೊಕೈನಿನ್ ಎಂಬ ಹಾರ್ಮೋನನ್ನು ಗುರುತಿಸಿದರು. ಆಹಾರದ ಕೊಬ್ಬು ಸಣ್ಣ ಕರುಳಿಗೆ ಇಳಿದಾಗ ಇದು ಸ್ರವಿಸಿ, ಪಿತ್ತಕೋಶ ಪಿತ್ತರಸವನ್ನು ಹೊರಹಾಕುತ್ತದೆ. ದೀರ್ಘಕಾಲ ಉಪವಾಸವಿದ್ದರೆ ಪಿತ್ತರಸ ಅಲ್ಲೇ ನಿಂತು ಗಟ್ಟಿಯಾಗುತ್ತದೆ. ತೂಕವನ್ನು ಅತಿವೇಗವಾಗಿ ಇಳಿಸಿದರೂ ಕಲ್ಲಾಗುವ ಸಂಭವ ಹೆಚ್ಚು. ಹೊತ್ತಿಗೆ ಸರಿಯಾದ ಊಟ, ಮಿತವಾದ ಕೊಬ್ಬು, ನಾರಿನಂಶ, ನಿತ್ಯದ ನಡಿಗೆ ಇವು ಪಿತ್ತಕೋಶಕ್ಕೆ ಹಿತವೆಂದು ಇಂದಿನ ವೈದ್ಯರೂ ಹೇಳುತ್ತಾರೆ. ಹಸಿ ಹಣ್ಣಿನ ನಿಷೇಧಕ್ಕೆ ಮಾತ್ರ ಈಗ ಆಧಾರವಿಲ್ಲ. ಆಗಲೇ ಆದ ಕಲ್ಲನ್ನು ಪಥ್ಯ ಕರಗಿಸಲಾರದು. ನೋವಿನೊಂದಿಗೆ ಜ್ವರ ಅಥವಾ ಕಾಮಾಲೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಎರಡನೇ ಮಹಾಯುದ್ಧದ ನಂತರ ಊರಿನ ಜರ್ಮನ್ ಭಾಷಿಕರನ್ನು ಹೊರಹಾಕಲಾಯಿತು. ಸ್ನಾನಗೃಹಗಳು ರಾಷ್ಟ್ರೀಕರಣಗೊಂಡು, ಸಿರಿವಂತರ ತಾಣಕ್ಕೆ ಕಾರ್ಮಿಕರೂ ಬರುವಂತಾಯಿತು. 2021ರಲ್ಲಿ ಯುನೆಸ್ಕೊ ಯುರೋಪಿನ 11 ಬುಗ್ಗೆಪಟ್ಟಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕಾರ್ಲೊವಿ ವಾರಿ ಅವುಗಳಲ್ಲೊಂದಾಗಿತ್ತು. ಯಾವ ಬುಗ್ಗೆಯ ನೀರು, ಎಷ್ಟು, ಯಾವ ಹೊತ್ತಿಗೆ ಎಂಬುದನ್ನು ಅಲ್ಲಿನ ವೈದ್ಯರು ಇಂದಿಗೂ ಒಬ್ಬೊಬ್ಬ ರೋಗಿಗೂ ಬೇರೆಬೇರೆಯಾಗಿ ನಿಗದಿಪಡಿಸುತ್ತಾರೆ.