ಸಾರಕ್ಕಿಯಿಂದ ಸಂಗಮಕ್ಕೆ: ಗಾಳ ಹೇಳಿದ ಸಾಕ್ಷಿ

ದಕ್ಷಿಣ ಬೆಂಗಳೂರನ್ನು ಕಾವೇರಿಗೆ ಕಟ್ಟಿಹಾಕಿರುವುದು ಕನಕಪುರದ ರಸ್ತೆ. ಬನಶಂಕರಿಯಿಂದ ಹೊರಟು ಸಾರಕ್ಕಿ, ತಲಘಟ್ಟಪುರ, ಹಾರೋಹಳ್ಳಿ, ಕನಕಪುರಗಳನ್ನು ಹಾದು ಸಾತನೂರು ಮುಟ್ಟಿದರೆ ಒಂದು ಕವಲು ಸಂಗಮಕ್ಕೆ ಇಳಿಯುತ್ತದೆ, ಇನ್ನೊಂದು ಹಲಗೂರಿನ ಮೇಲೆ ಮುತ್ತತ್ತಿ, ಭೀಮೇಶ್ವರಿಗಳಿಗೆ ಹೋಗುತ್ತದೆ. ಎಲ್ಲ ಸೇರಿ ಸುಮಾರು 100 ಕಿಲೋಮೀಟರ್. ಈ ದಾರಿಯ ಗುಂಟವೇ 1974ರಲ್ಲಿ ಕಾವೇರಿಯ ನೀರು ತೊರೆಕಾಡನಹಳ್ಳಿಯಿಂದ ಹಂತ ಹಂತವಾಗಿ ಮೇಲೇರಿ ನಗರದ ನಲ್ಲಿಗಳಿಗೆ ಬಂತು. ಬಸವನಗುಡಿ, ಬನಶಂಕರಿಗಳ ಕೊಳೆನೀರು ವೃಷಭಾವತಿಗೆ ಬಿದ್ದು, ಅರ್ಕಾವತಿಯನ್ನು ಸೇರಿ, ಅದೇ ಸಂಗಮದಲ್ಲಿ ಕಾವೇರಿಗೆ ಕೂಡುತ್ತದೆ. ಇವೆರಡರ ನಡುವೆ ಇನ್ನೊಂದು ಓಡಾಟವೂ ನಡೆದಿತ್ತು. ರಜೆ ಸಿಕ್ಕಿದಾಗ ಗಾಳದ ಕೋಲು ಹೊತ್ತು ನದಿಗೆ ಇಳಿಯುತ್ತಿದ್ದವರ ಓಡಾಟ ಅದು. ಅದನ್ನು ಉಳ್ಳವರ ಮೋಜೆಂದು ನಮ್ಮ ಊರ ಚರಿತ್ರೆ ಬರೆದವರು ಪಕ್ಕಕ್ಕೆ ಸರಿಸಿದ್ದಾರೆ. ನನ್ನ ವಾದ ಬೇರೆ. ನೀರಿನ ಒಳಗೆ ಏನಾಗುತ್ತಿದೆ ಎಂಬುದಕ್ಕೆ ಈ ಭಾಗದಲ್ಲಿ ನಮಗೆ ದಕ್ಕಿರುವ ಅತ್ಯಂತ ನಂಬಲರ್ಹ ಸಾಕ್ಷಿ ಗಾಳ ಹಾಕಿದವರಿಂದಲೇ ಬಂದದ್ದು. ಆ ಸಾಕ್ಷಿಯನ್ನು ನಾವು ಕಳೆದುಕೊಂಡದ್ದು ನೀರಿಗೇ ನಷ್ಟವಾಯಿತು.

ಗಾಳದ ವಿನೋದ ಬಿಳಿಯರು ತಂದ ಚಟ ಎಂಬ ಮಾತು ಮೊದಲು ಎದುರಾಗುತ್ತದೆ. ಅದಕ್ಕೆ ಉತ್ತರ ಕಲ್ಯಾಣದಲ್ಲಿದೆ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಮೀನುಗಳನ್ನು ಸಮುದ್ರದವು, ಸಿಹಿನೀರಿನವು ಎಂದೂ ಹುರುಪೆ ಇರುವವು, ಇಲ್ಲದವು ಎಂದೂ ವಿಂಗಡಿಸಿ, ಯಾವ ಮೀನಿಗೆ ಯಾವ ಎರೆ, ದಾರಕ್ಕೆ ಯಾವ ನಾರು, ಕೋಲು ಹೇಗಿರಬೇಕು ಎಂಬುದನ್ನೆಲ್ಲ ಅದು ಹೇಳುತ್ತದೆ. ಮೀನಿಗೆ ಮೊದಲು ಮೇವು ಹಾಕಿ ರೂಢಿ ಮಾಡಿಸಿ ಆಮೇಲೆ ಗಾಳ ಬಿಡುವ ಕ್ರಮವೂ ಅಲ್ಲಿದೆ. ಮೀನುಶಾಸ್ತ್ರಜ್ಞ ಸುಂದರ್ ಲಾಲ್ ಹೋರಾ 1951ರಲ್ಲಿ ಈ ಭಾಗದ ಬಗ್ಗೆ ಬರೆದಾಗ ಅದನ್ನು ಪ್ರಾಚೀನರ ಮತ್ಸ್ಯಜ್ಞಾನಕ್ಕೆ ಆಧಾರವೆಂದು ಓದಿದರು. ನಮ್ಮ ಕಣ್ಣಿಗೂ ಮುಖ್ಯವಾಗಬೇಕಾದದ್ದು ಇದೇ. ಹೊಟ್ಟೆಪಾಡಿಗಲ್ಲದೆ ಸಂತೋಷಕ್ಕೆ ಗಾಳ ಹಾಕಿದವನಿಗೆ ಪುರುಸೊತ್ತಿತ್ತು. ಪುರುಸೊತ್ತಿದ್ದವನು ಮೀನನ್ನು ಗಮನಿಸಿದ, ಗಮನಿಸಿದ್ದನ್ನು ಬರೆಸಿದ. ಬೆಸ್ತರ ತಿಳಿವಳಿಕೆ ಇದಕ್ಕಿಂತ ಆಳವಾಗಿತ್ತೆನ್ನುವುದರಲ್ಲಿ ನನಗೆ ಸಂಶಯವಿಲ್ಲ, ಆದರೆ ಅದನ್ನು ಬರೆದಿಡುವ ಅವಕಾಶ ಅವರಿಗೆ ಸಿಗಲಿಲ್ಲ. ಈ ಅಸಮಾನತೆ ಇಡೀ ಚರಿತ್ರೆಯ ಉದ್ದಕ್ಕೂ ನೆರಳಿನಂತೆ ಬರುತ್ತದೆ.

ಬ್ರಿಟಿಷರ ಕಾಲದಲ್ಲಿ ಬರವಣಿಗೆ ಹೆಚ್ಚಾಯಿತು. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಹೊಳೆಗೆ ವಿಷ ಹಾಕುವುದು, ಮರಿಯನ್ನೂ ಬಿಡದ ಸಣ್ಣ ಕಣ್ಣಿನ ಬಲೆ ಒಡ್ಡುವುದು ಮೀನಿನ ಸಂತತಿಯನ್ನೇ ತೊಡೆದುಹಾಕುತ್ತದೆ ಎಂಬುದು ಅವನ ಕಾಳಜಿಯಾಗಿತ್ತು. ಸಿಡಿಮದ್ದು ಮತ್ತು ವಿಷಗಳಿಂದ ಮೀನು ಹಿಡಿಯುವುದನ್ನು ನಿಷೇಧಿಸಿದ ಭಾರತೀಯ ಮೀನುಗಾರಿಕೆ ಕಾಯ್ದೆ ಬಂದದ್ದು 1897ರಲ್ಲಿ. ಮೈಸೂರು ಸಂಸ್ಥಾನ 1901ರ ರೆಗ್ಯುಲೇಷನ್‌ನಲ್ಲಿ ಬೇಟೆಯ ಪ್ರಾಣಿಗಳ ಜೊತೆಗೇ ಮೀನಿಗೂ ನಿಯಮ ಮಾಡಿತು. ಕಬಿನಿಯಲ್ಲಿ 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಹಿಡಿದ ಮಹಶೀರ್ 120 ಪೌಂಡ್, ಅಂದರೆ 54 ಕಿಲೋ ತೂಗಿತು. ಮೃಗಗಳಿಗೆ ಮಸಾಲೆ ತುಂಬಿ ನಿಲ್ಲಿಸುವ ಕಸುಬಿನಲ್ಲಿ ಹೆಸರಾಗಿದ್ದ ಮನೆತನ ಅದು. ಆ ತೂಕ ಇವತ್ತಿಗೂ ಈ ಮೀನಿನ ವಿಷಯದಲ್ಲಿ ಅಳತೆಗೋಲಾಗಿ ಉಳಿದಿದೆ. ಕಾವೇರಿ ಸೀಮೆಯವರು ಬಿಳಿಮೀನು ಎನ್ನುವ ಈ ಜಾತಿ ಒಂದು ಕಾಲದಲ್ಲಿ ಎಷ್ಟು ದೊಡ್ಡದಾಗಿ ಬೆಳೆಯುತ್ತಿತ್ತು ಎಂಬುದು ನಮಗೆ ತಿಳಿದಿರುವುದು ಗಾಳದವರು ತೂಗಿ ಬರೆದಿಟ್ಟದ್ದರಿಂದ.

ಹತ್ತಿರದ ನೀರಿನ ಕಥೆ ಬೇರೆ ರೀತಿಯದು. ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಅಲ್ಲಿಯವರೆಗೆ ಈ ಸೀಮೆ ಕೆರೆಗಳ ಕೆಳಗಿನ ಗದ್ದೆ, ತೋಟ, ಹಳ್ಳಿಗಳ ಸೀಮೆ: ಯಡಿಯೂರು, ಬೈರಸಂದ್ರ, ತಾವರೆಕೆರೆ, ಸಾರಕ್ಕಿ, ಪುಟ್ಟೇನಹಳ್ಳಿ, ಮಡಿವಾಳ, ಅಗರ. ಬಿಟಿಎಂ ಎಂಬ ಮೂರಕ್ಷರದೊಳಗೆ ಇವುಗಳಲ್ಲಿ ಮೂರು ಅಡಗಿವೆ. ಹಳೆಯ ದಾನಶಾಸನಗಳು ಎಣಿಸುವ ಅಷ್ಟಭೋಗಗಳಲ್ಲಿ ಜಲವೂ ಒಂದು. ಊರಿಗೆ ನೀರಿನ ಮೇಲೆ ಹಕ್ಕಿತ್ತು, ಹಕ್ಕಿನ ಜೊತೆಗೆ ಏರಿ, ತೂಬು, ಕೋಡಿಗಳ ಹೊಣೆಯೂ ಇತ್ತು. ಮಲೆನಾಡಿನ ಸಾಗರ, ಸೊರಬದ ಕಡೆ ಬೇಸಿಗೆಯಲ್ಲಿ ಕೆರೆ ಇಳಿದಾಗ ಊರಿಗೆ ಊರೇ ಇಳಿದು ಮೀನು ಹಿಡಿಯುವ ಕೆರೆಬೇಟೆ ಇಂದಿಗೂ ಇದೆ. ಕೆರೆಯ ಮೀನು ಊರಿನ ಸೊತ್ತೆಂಬ ಭಾವನೆ ಎಷ್ಟು ಗಟ್ಟಿ ಎಂಬುದನ್ನು ಅದರಲ್ಲಿ ನೋಡಬಹುದು. ಇಲ್ಲಿ, ಬಡಾವಣೆಗಳ ನಡುವೆ, ಅದು ಕಡಿದುಹೋಯಿತು. ಕಾವೇರಿಯ ನಲ್ಲಿ ಬಂದ ಮೇಲೆ ಕೆರೆಯ ನೀರನ್ನು ಕುಡಿಯುವವರಿಲ್ಲ, ಗದ್ದೆ ಹೋದ ಮೇಲೆ ತೂಬು ತೆಗೆಯುವವರಿಲ್ಲ. ಉಳಿದದ್ದು ಮೀನು. ಅದೂ ಹರಾಜು, ಟೆಂಡರುಗಳ ಪಾಲಾಗಿ, ಗುತ್ತಿಗೆ ಹಿಡಿದವನು ಕಾಟ್ಲಾ, ರೋಹು, ಗೆಂಡೆ ಮರಿ ಬಿಟ್ಟು ಬಲೆ ಎಳೆಯುವ ವ್ಯವಹಾರವಾಯಿತು. ಎರೆಹುಳು, ಸಣ್ಣ ಗಾಳ, ಒಂದು ಬಿದಿರು ಕೋಲು ಹಿಡಿದು ಏರಿಯ ಮೇಲೆ ಕೂರುತ್ತಿದ್ದವನು ಕಳ್ಳನೆನಿಸಿಕೊಂಡ.

ಈ ಬದಲಾವಣೆಯನ್ನು ಮೀನಿನ ಜಾತಿಗಳೇ ಹೇಳುತ್ತವೆ. ಕೊರವ ನಮ್ಮ ಕೆರೆಗಳ ಹಳೆಯ ಬೇಟೆಗಾರ. ಜೊಂಡಿನ ನೆರಳಿನಲ್ಲಿ ಹೊಂಚುವ, ಕಪ್ಪೆ ಕಂಡರೆ ಮೇಲೆರಗುವ ಮೀನು ಇದು. ಮರಿಗಳ ಗುಂಪನ್ನು ತಾಯಿ ತಂದೆ ಎರಡೂ ಕಾಯುತ್ತವೆ. ಹಾಗಾಗಿ ಅದಕ್ಕೆ ಜೊಂಡು ಬೇಕು, ಆಳವಿಲ್ಲದ ಅಂಚು ಬೇಕು. ಕೆರೆಯ ಅಂಚನ್ನು ಕಲ್ಲು ಕಟ್ಟಿ ತೊಟ್ಟಿಯಂತೆ ನೇರ ಮಾಡಿದಲ್ಲಿ ಅದು ಮರಿ ಮಾಡಲಾರದು. ಅದರ ಜಾಗಕ್ಕೆ ಬಂದದ್ದು 1952ರಲ್ಲಿ ದೇಶಕ್ಕೆ ತಂದ ತಿಲಾಪಿಯಾ, ನಮ್ಮ ಮಾರುಕಟ್ಟೆಯ ಜಿಲೇಬಿ ಮೀನು. ಆಮೇಲೆ ಆಫ್ರಿಕನ್ ಕ್ಯಾಟ್‌ಫಿಶ್. ಇದನ್ನು ಸಾಕುವುದಕ್ಕೆ 2000ದಲ್ಲಿ ಕೇಂದ್ರ ಸರ್ಕಾರ ನಿಷೇಧ ಹೇರಿದರೂ ಗಾಳಿ ಕುಡಿದು ಕೊಳೆನೀರಿನಲ್ಲೂ ಬದುಕಬಲ್ಲ ಅದು ಹೋಗಲಿಲ್ಲ. ಸೊಳ್ಳೆಮರಿ ತಿನ್ನಲೆಂದು 1928ರಲ್ಲಿ ಇಟಲಿಯಿಂದ ಭಾರತಕ್ಕೆ ತಂದ ಗ್ಯಾಂಬೂಸಿಯಾ ಕೂಡ ಇದೇ ಸಾಲಿನದು. ಒಂದು ಕೆರೆಯಲ್ಲಿ ಗಾಳಕ್ಕೆ ಪಕ್ಕೆ, ಕೊರವ ಬೀಳುವುದು ನಿಂತು ಜಿಲೇಬಿ ಮಾತ್ರ ಬೀಳತೊಡಗಿದರೆ ಆ ಕೆರೆಗೆ ಚರಂಡಿ ತಿರುಗಿದೆ ಎಂದೇ ಅರ್ಥ. ಏರಿಯ ಮೇಲೆ ಕೂತವನಿಗೆ ಅದು ಮೊದಲು ತಿಳಿಯುತ್ತದೆ. ಅವನನ್ನು ಎಬ್ಬಿಸಿ ಕಳಿಸಿದ ಮೇಲೆ ಊರಿಗೆ ತಿಳಿಯುವುದು ಮೀನು ಸತ್ತು ತೇಲಿದಾಗ. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಹಾಗೇ ಆಯಿತು.

ಇನ್ನು ನದಿಯ ಕಡೆಗೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ 1972ರಲ್ಲೇ ಬೆಂಗಳೂರಿನಲ್ಲಿ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಹುಟ್ಟಿತು. ಅದು ಸಂಗಮದ ಸುತ್ತಿನ ಕಾವೇರಿಯನ್ನು ಗುತ್ತಿಗೆಗೆ ಪಡೆದು, ಕಾವಲಿಟ್ಟು, ಸದಸ್ಯರಿಗೆ ಗಾಳ ಹಾಕಲು ಬಿಟ್ಟಿತು. 1977ರಲ್ಲಿ ಟ್ರಾನ್ಸ್‌ವರ್ಲ್ಡ್ ಫಿಶಿಂಗ್ ಟೀಮ್ ಎಂಬ ಇಂಗ್ಲಿಷ್ ಯುವಕರ ತಂಡ ಬಂದು, ಮುಗಿದೇಹೋಯಿತೆಂದು ಹೊರಗಿನವರು ಭಾವಿಸಿದ್ದ ದೊಡ್ಡ ಮಹಶೀರ್ ಇಲ್ಲಿ ಇನ್ನೂ ಇದೆ ಎಂದು ಲೋಕಕ್ಕೆ ತೋರಿಸಿತು. ನಂತರ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಶಿಬಿರ ನಡೆಸಿತು. ಎರೆ ರಾಗಿಹಿಟ್ಟಿನ ಮುದ್ದೆ, ದೋಣಿ ಹರಿಗೋಲು, ದಾರಿ ತೋರುವವರು ನದಿದಂಡೆಯ ಹಳ್ಳಿಗರು. ಅವರಲ್ಲಿ ಕೆಲವರು ಹಿಂದೆ ಇದೇ ಮಡುಗಳಿಗೆ ಸಿಡಿಮದ್ದು ಎಸೆದವರು. ಹಿಡಿದ ಮೀನನ್ನು ತೂಗಿ, ಬರೆದುಕೊಂಡು, ನೀರಿಗೇ ಬಿಡುವುದು ನಿಯಮವಾಗಿತ್ತು.

ಆ ಬರೆದುಕೊಂಡ ಪುಸ್ತಕಗಳಲ್ಲೇ ನನ್ನ ವಾದದ ತಿರುಳಿದೆ. ಗಾಳಿಬೋರೆ ಶಿಬಿರದ 1998ರಿಂದ 2012ರವರೆಗಿನ ದಾಖಲೆಯನ್ನು ಆಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಅವರ ಜೊತೆಗಾರರು ಅಧ್ಯಯನ ಮಾಡಿದರು. 23,620 ಗಂಟೆ ಗಾಳ ಹಾಕಿದ್ದು, 6,161 ಮಹಶೀರ್ ಸಿಕ್ಕಿದ್ದು. ಸಿಗುವ ಮೀನಿನ ಸಂಖ್ಯೆ ವರ್ಷಗಳು ಕಳೆದಂತೆ ಹೆಚ್ಚಿತ್ತು, ಸರಾಸರಿ ತೂಕ ಇಳಿದಿತ್ತು. ಮೇಲ್ನೋಟಕ್ಕೆ ನದಿ ಚೇತರಿಸಿಕೊಳ್ಳುತ್ತಿದೆ ಎನ್ನಬಹುದಿತ್ತು. ಜಾತಿವಾರು ನೋಡಿದಾಗ ಬೇರೆಯೇ ಕಂಡಿತು: ಹೆಚ್ಚಿದ್ದು ಹೊರಗಿನಿಂದ ತಂದುಬಿಟ್ಟ ನೀಲಿ ರೆಕ್ಕೆಯ ಮಹಶೀರ್. ಕಾವೇರಿ ಕೊಳ್ಳದ್ದೇ ಆದ, ಬೆನ್ನು ಗೂನಿನ, 120 ಪೌಂಡ್ ತೂಗಿದ ಆ ಮೀನು ಅಳಿವಿನ ಅಂಚಿಗೆ ಜಾರಿತ್ತು. ಒಂದು ಶತಮಾನದಿಂದ ಹೆಸರುವಾಸಿಯಾಗಿದ್ದ ಈ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರು ದೊರಕಿದ್ದು 2018ರಲ್ಲಿ, ಟಾರ್ ರೆಮಾದೇವಿ ಎಂದು. ಅದೇ ವರ್ಷ ಅದು ಐಯುಸಿಎನ್ ಕೆಂಪುಪಟ್ಟಿಯಲ್ಲಿ ಅತ್ಯಂತ ಗಂಡಾಂತರದಲ್ಲಿರುವ ಜೀವಿಗಳ ಸಾಲಿಗೆ ಸೇರಿತು. ಇಷ್ಟು ವರ್ಷಗಳ ಉದ್ದಕ್ಕೆ ಒಂದೇ ಜಾಗದಲ್ಲಿ ಈ ಮೀನನ್ನು ಎಣಿಸಿ ಇಟ್ಟ ಲೆಕ್ಕ ಆ ಶಿಬಿರದ ಪುಸ್ತಕದಲ್ಲಿ ಇಲ್ಲದಿದ್ದರೆ ಈ ಕುಸಿತ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಇಲ್ಲೇ ಅತಿ ಬಲವಾದ ಆಕ್ಷೇಪವಿದೆ, ಅದನ್ನು ತಪ್ಪಿಸಿಕೊಂಡು ಹೋಗಬಾರದು. ನೀಲಿ ರೆಕ್ಕೆಯ ಮೀನನ್ನು ನದಿಗೆ ತಂದವರು ಯಾರು? ಲೋನಾವಳದ ಟಾಟಾ ಮರಿಕೇಂದ್ರದಲ್ಲಿ 1970ರ ದಶಕದಿಂದ ಬೆಳೆಸಿದ ಮರಿಗಳನ್ನು ಒಳ್ಳೆಯ ಉದ್ದೇಶದಿಂದಲೇ ಕಾವೇರಿಗೆ ಬಿಡಲಾಯಿತು, ಗಾಳದ ಸಂಘಗಳೂ ಅದರಲ್ಲಿ ಕೈಜೋಡಿಸಿದವು. ಮಹಶೀರ್ ಎಲ್ಲ ಒಂದೇ ಎಂದು ಬಗೆದದ್ದು ಘೋರ ತಪ್ಪಾಯಿತು. ಅಂದಮೇಲೆ ಗಾಳದವರನ್ನು ನದಿಯ ರಕ್ಷಕರೆಂದು ಕೊಂಡಾಡಲು ನಾನು ಸಿದ್ಧನಿಲ್ಲ. ರಕ್ಷಕನೂ ಸಾಕ್ಷಿಯೂ ಒಬ್ಬನೇ ಆಗಬೇಕಿಲ್ಲ. ತಪ್ಪಿನಲ್ಲಿ ಭಾಗಿಯಾದವನೇ ಬರೆದ ಲೆಕ್ಕ ಆ ತಪ್ಪನ್ನು ಹೊರಗೆಡಹಿದೆ. ಇದು ಆ ಲೆಕ್ಕದ ಪ್ರಾಮಾಣಿಕತೆಗೇ ಪುರಾವೆ.

ಹಿಂಸೆಯ ಪ್ರಶ್ನೆಯೂ ಹಗುರವಲ್ಲ. ಗಾಳ ಚುಚ್ಚಿ, ದಣಿಸಿ, ನೀರಿಗೆ ಬಿಟ್ಟ ಮೀನು ನೋಯುತ್ತದೆ, ಬೇಸಿಗೆಯ ಬಿಸಿನೀರಿನಲ್ಲಿ ಕೆಲವು ಸಾಯಲೂಬಹುದು. 1987ರಲ್ಲಿ ಕಾವೇರಿ ವನ್ಯಜೀವಿಧಾಮ ಘೋಷಣೆಯಾದ ಮೇಲೆ, ಧಾಮದೊಳಗೆ ವಿನೋದಕ್ಕಾಗಿ ಒಂದು ಜೀವಿಯನ್ನು ಹಿಡಿಯುವುದು ಸರಿಯೇ ಎಂಬ ಪ್ರಶ್ನೆ ಎದ್ದದ್ದು ಸಹಜ. 2012ರ ಹೊತ್ತಿಗೆ ಗಾಳ ನಿಂತಿತು. ಆದರೆ ಸಿಡಿಮದ್ದು ನಿಲ್ಲಲಿಲ್ಲ. ಶಿಬಿರಗಳು ಮುಚ್ಚಿದ ಮೇಲೆ ಅದು ಮತ್ತೆ ತಲೆಯೆತ್ತಿತೆಂದು ಮಹಶೀರ್ ಸಂಶೋಧಕರು ಬರೆದಿದ್ದಾರೆ. ಒಂದು ಸಿಡಿತಕ್ಕೆ ಮಡುವಿನ ಮರಿ, ಮೊಟ್ಟೆ, ತಾಯಿಮೀನು ಎಲ್ಲವೂ ಹೋಗುತ್ತವೆ. ಗಾಳದ ನೋವನ್ನು ಇದರ ಪಕ್ಕದಲ್ಲಿಟ್ಟು ತೂಗಬೇಕೇ ಹೊರತು ನೋವೇ ಇಲ್ಲದ ಯಾವುದೋ ನದಿಯ ಪಕ್ಕದಲ್ಲಿಟ್ಟಲ್ಲ. ಉಳ್ಳವರ ಆಟ ಎಂಬ ದೂರಂತೂ ನಿಜ. ವಿದೇಶಿಯರಿಗೆ ತೆರೆದ ನದಿ ಬೆಸ್ತನಿಗೆ ಮುಚ್ಚಿತು. ಹಳ್ಳಿಗನಿಗೆ ಕೂಲಿ ಸಿಕ್ಕಿತು, ಹಕ್ಕು ಸಿಗಲಿಲ್ಲ. ಆ ಏರ್ಪಾಡಿನ ದೊಡ್ಡ ದೋಷ ಅದೇ, ಕೂಲಿ ನಿಂತ ದಿನ ನದಿಯೊಂದಿಗಿನ ಅವರ ಕರಾರೂ ಮುಗಿಯಿತು.

ಗಾಳವೇ ಇಲ್ಲದೆ ಕೆರೆ ಕಾಯುವವರು ಇದ್ದಾರಲ್ಲ ಎಂದು ಜೆ.ಪಿ. ನಗರದವರು ಕೇಳಬಹುದು. ಸರಿಯಾದ ಮಾತು. ಪುಟ್ಟೇನಹಳ್ಳಿ ಕೆರೆಗಾಗಿ ಸುತ್ತಲಿನ ನಿವಾಸಿಗಳು 2010ರಲ್ಲಿ ಟ್ರಸ್ಟ್ ಕಟ್ಟಿ ಮಾಡಿದ ಕೆಲಸ ನಗರಕ್ಕೇ ಮಾದರಿ. ಸಾರಕ್ಕಿ ಕೆರೆಯ ಒತ್ತುವರಿಯನ್ನು ಜಿಲ್ಲಾಡಳಿತ 2015ರಲ್ಲಿ ತೆರವು ಮಾಡಿದ್ದರ ಹಿಂದೆಯೂ ಜನರ ಒತ್ತಾಯವಿತ್ತು. ಆದರೆ ನಡಿಗೆಗೆ ಬಂದವರಿಗೆ ಕಾಣುವುದು ದಂಡೆ, ಹಕ್ಕಿ, ನೀರಿನ ಬಣ್ಣ. ಹಕ್ಕಿಗಳನ್ನು ಎಣಿಸುವವರು ಈ ಭಾಗದಲ್ಲಿ ಬೇಕಾದಷ್ಟಿದ್ದಾರೆ, ಅವರ ಪಟ್ಟಿಗಳಿಗೆ ಬೆಲೆ ಇದೆ. ನೀರಿನ ಕೆಳಗಿನದನ್ನು ಎಣಿಸುವವರು ಯಾರೂ ಇಲ್ಲ. ಗುತ್ತಿಗೆದಾರನ ಬಲೆ ತೂಕವನ್ನು ಹೇಳುತ್ತದೆ, ಜಾತಿಯನ್ನಲ್ಲ.

ಆದ್ದರಿಂದ ಮೀನುಗಾರಿಕೆ ಇಲಾಖೆಯಲ್ಲೂ ಕೆರೆಗಳ ಹೊಣೆ ಹೊತ್ತ ಪಾಲಿಕೆಯಲ್ಲೂ ನನ್ನ ಕೋರಿಕೆ ಇಷ್ಟು. ಸಾರಕ್ಕಿ, ಮಡಿವಾಳದಂಥ ದೊಡ್ಡ ಕೆರೆಗಳ ಒಂದು ದಂಡೆಯನ್ನು, ಹಕ್ಕಿ ಗೂಡು ಕಟ್ಟದ ಕಡೆ, ಕೋಲು ಗಾಳಕ್ಕೆ ಬಿಡಿ. ಪರವಾನಗಿಯ ಹಣ ದಿನಗೂಲಿಯವನೂ ಕೊಡಬಲ್ಲಷ್ಟಿರಲಿ, ಹಳೆಯ ಬೆಸ್ತರ ಮನೆಗಳಿಗೆ ಅದೂ ಬೇಡ. ಬದಲಿಗೆ ಪ್ರತಿಯೊಬ್ಬನೂ ದಿನಾಂಕ, ಮೀನಿನ ಜಾತಿ, ಉದ್ದ, ತೂಕ ಬರೆಯಲಿ. ಜಿಲೇಬಿಯನ್ನೂ ಕ್ಯಾಟ್‌ಫಿಶ್ಶನ್ನೂ ನೀರಿಗೆ ಮರಳಿ ಬಿಡದಿರಲಿ, ಕೊರವ ಸಿಕ್ಕರೆ ಬಿಡಲಿ. ಆ ಪುಸ್ತಕವನ್ನು ವರ್ಷಕ್ಕೊಮ್ಮೆ ಊರಿಗೆ ಓದಿ ಹೇಳಿ. ಗಾಳಿಬೋರೆಯ ಲೆಕ್ಕ 2012ರಲ್ಲಿ ನಿಂತಿದೆ. ಅರ್ಕಾವತಿ ಮಾತ್ರ ಬನಶಂಕರಿಯ ಕೊಳೆಯನ್ನು ಹೊತ್ತು ಇವತ್ತೂ ಸಂಗಮಕ್ಕೆ ಹೋಗುತ್ತಿದೆ.