ಗೊಮ್ಮಟಸಾರದ 29 ಅಂಕಗಳ ಸಂಖ್ಯೆ ಮತ್ತು ಸಾಳುವರ ನಾಡು

ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು 10ನೆಯ ಶತಮಾನದಲ್ಲಿ ರಚಿಸಿದ ಗೊಮ್ಮಟಸಾರದ ಜೀವಕಾಂಡದಲ್ಲಿ ಪರ್ಯಾಪ್ತ ಮನುಷ್ಯರ ಪ್ರಮಾಣವನ್ನು 29 ಅಂಕಗಳ ಒಂದು ಸಂಖ್ಯೆಯಿಂದ ನಿರ್ದೇಶಿಸಲಾಗಿದೆ. ಅದು 79228162514264337593543950336. ಇಷ್ಟು ದೊಡ್ಡದಾದರೂ ಸಿದ್ಧಾಂತದ ವಿಭಾಗಕ್ರಮದಲ್ಲಿ ಇದು ಅಸಂಖ್ಯಾತವೂ ಅಲ್ಲ, ಅನಂತವೂ ಅಲ್ಲ. ಸಂಖ್ಯಾತದಲ್ಲಿ ಮಧ್ಯಮ ಭೇದಕ್ಕೆ ಸೇರುತ್ತದೆ.

ಎರಡರಿಂದ ಹೊರಟು ವರ್ಗಿಸುತ್ತ ಹೋದರೆ ಕ್ರಮವಾಗಿ 4, 16, 256, 65536 ಬಂದು, ಐದನೆಯ ವರ್ಗ 4294967296 ಆಗುತ್ತದೆ. ಕೊನೆಯ ಎರಡಕ್ಕೆ ಅವುಗಳ ಮೊದಲ ಅಂಕಗಳಾದ 65 ಮತ್ತು 42ರಿಂದ ಪಣ್ಣಟ್ಠಿ, ಬಾದಾಲ ಎಂಬ ಪ್ರಾಕೃತ ಹೆಸರುಗಳುಂಟು. ಬಾದಾಲದ ಘನವೇ ಮನುಷ್ಯಸಂಖ್ಯೆ. ಐದನೆಯ ವರ್ಗದಿಂದ ಆರನೆಯ ವರ್ಗವನ್ನು ಗುಣಿಸಿದರೂ ಅದೇ ಫಲ. ಇದನ್ನು 96 ಬಾರಿ ಅರ್ಧಿಸಿದರೆ ಒಂದು ಉಳಿಯುವುದರಿಂದ ಇದರ ಅರ್ಧಚ್ಛೇದಗಳು 96.

ಗ್ರಂಥಸಂಪಾದಕರಿಗೆ ಇಲ್ಲಿ ಮುಖ್ಯವಾದುದು ಬೇರೆಯೇ ಒಂದು ಸಂಗತಿ. ಗಾಥೆಯು ಈ ಸಂಖ್ಯೆಯನ್ನು ಕಟಪಯಾದಿ ಕ್ರಮದಲ್ಲಿ 29 ಅಕ್ಷರಗಳಿಂದ, ಬಿಡಿಸ್ಥಾನದಿಂದ ಎಡಕ್ಕೆ ಸಾಗುವಂತೆ ಹೇಳುತ್ತದೆ. ಧಕಾರಕ್ಕೆ 9, ಥಕಾರಕ್ಕೆ 7. ಮಕಾರಕ್ಕೆ 5, ವಕಾರಕ್ಕೆ 4. ಕಂಟದಿಂದ ಬರೆದ ಓಲೆಯಲ್ಲಿ ಧ-ಥಗಳಿಗಿರುವ ಅಂತರ ಒಂದು ಕಿರುಗುರುತು ಮಾತ್ರ. ಲಿಪಿಕಾರನು ತಪ್ಪಿದರೆ ಅರ್ಥದ ನೆರವಿನಿಂದ ಪಾಠವನ್ನು ತಿದ್ದುವಂತಿಲ್ಲ. ಅಲ್ಲಿನ ಪದಗಳು ಅಂಕಗಳಿಗಾಗಿ ಜೋಡಿಸಿದವು. ಗಣಿತವೇ ಆಧಾರ. ಬಾದಾಲದ ಅಂಕಗಳ ಮೊತ್ತ 58, ಒಂಬತ್ತರಿಂದ ಭಾಗಿಸಿದರೆ ಶೇಷ 4. ನಾಲ್ಕರ ಘನ 64ರ ಶೇಷ 1. ಮನುಷ್ಯಸಂಖ್ಯೆಯ ಅಂಕಗಳ ಮೊತ್ತ 127, ಶೇಷವೂ 1. ಧಕಾರವು ಥಕಾರವಾದರೆ ಈ ಹೊಂದಿಕೆ ಕೂಡಲೇ ತಪ್ಪುತ್ತದೆ. ಅಕ್ಷರಗಳು ಸ್ಥಾನಪಲ್ಲಟಗೊಂಡಿದ್ದರೆ ಮಾತ್ರ ಈ ಪರೀಕ್ಷೆ ಸಾಲದು, ಪೂರ್ಣ ಗುಣಾಕಾರವನ್ನೇ ಮಾಡಬೇಕು. ಪ್ರತಿಗಳ ಬಹುಮತವನ್ನು ನೆಚ್ಚದೆ ಶುದ್ಧಪಾಠವನ್ನು ನಿರ್ಣಯಿಸಬಹುದಾದ ಇಂಥ ಗಾಥೆಗಳು ವಿರಳ.

ಕೇಶವವರ್ಣಿಯು ಶಕ 1281ರಲ್ಲಿ, ಎಂದರೆ ಕ್ರಿ.ಶ. 1359ರಲ್ಲಿ, ಗೊಮ್ಮಟಸಾರಕ್ಕೆ ಕನ್ನಡ ವೃತ್ತಿಯನ್ನು ಬರೆದನು. ಅದನ್ನು ಅನುಸರಿಸಿ ಮತ್ತೊಬ್ಬ ನೇಮಿಚಂದ್ರನು ಸಂಸ್ಕೃತದಲ್ಲಿ ಜೀವತತ್ತ್ವಪ್ರದೀಪಿಕೆಯನ್ನು ರಚಿಸಿದನು. ಇವನು ಕರ್ಣಾಟಕದಲ್ಲಿ ಮಲ್ಲಿಭೂಪಾಲನ ಕಾಲದಲ್ಲಿ ಮುನಿಚಂದ್ರರಿಂದ ಸಿದ್ಧಾಂತವನ್ನು ಕಲಿತವನು. ಆ ಅರಸನನ್ನು ಆ.ನೇ. ಉಪಾಧ್ಯೆಯವರು ಸಾಳುವ ಮಲ್ಲಿರಾಯನೆಂದು ಗುರುತಿಸಿ, ಟೀಕೆಯ ಕಾಲ 16ನೆಯ ಶತಮಾನದ ಆರಂಭವೆಂದು ನಿರ್ಣಯಿಸಿದ್ದಾರೆ. ಸಾಳುವರ ನೆಲೆಗಳು ಕರಾವಳಿಯವು: ಸಂಗೀತಪುರವೆನಿಸಿದ ಹಾಡುವಳ್ಳಿ ಇಂದಿನ ಭಟ್ಕಳ ತಾಲ್ಲೂಕಿನಲ್ಲಿದೆ, ಗೇರುಸೊಪ್ಪೆ ಹೊನ್ನಾವರ ತಾಲ್ಲೂಕಿನಲ್ಲಿ, ಮುಂದೆ ರಾಣಿ ಚೆನ್ನಭೈರಾದೇವಿಯ ಹೆಸರಿನೊಡನೆ ಸೇರಿದ ಮಿರ್ಜಾನ್ ಕೋಟೆ ಕುಮಟಾ ತಾಲ್ಲೂಕಿನದು. ಈ ನಾಡನ್ನು ಮೆಣಸಿನ ವ್ಯಾಪಾರದಿಂದಷ್ಟೇ ಅಳೆಯುವುದು ಸಲ್ಲದು. ವಾದಿ ವಿದ್ಯಾನಂದರು ಮಲ್ಲಿರಾಯನ ಸಭೆಯಲ್ಲಿ ಮೆರೆದುದನ್ನು ಹುಂಚದ ಶಾಸನವು ಸ್ಮರಿಸುತ್ತದೆ.

ಟೀಕಾಕಾರ ನೇಮಿಚಂದ್ರನು ತರುವಾಯ ಗುರ್ಜರದೇಶದಿಂದ ಚಿತ್ರಕೂಟಕ್ಕೆ ತೆರಳಿದನು. ಅವನ ಟೀಕೆಯನ್ನಾಧರಿಸಿ ಜಯಪುರದ ಪಂಡಿತ ಟೋಡರಮಲ್ಲರು ವಿಕ್ರಮ ಸಂವತ್ 1818ರಲ್ಲಿ ದೇಶಭಾಷೆಯಲ್ಲಿ ಸಮ್ಯಗ್ಜ್ಞಾನಚಂದ್ರಿಕೆಯನ್ನು ಪೂರೈಸಿದರು. ಹೀಗೆ ಕನ್ನಡದ ವಿವರಣೆ ಉತ್ತರದ ಸ್ವಾಧ್ಯಾಯಶಾಲೆಗಳನ್ನು ಸೇರಿತು. ಮೂಲ ಕನ್ನಡ ವೃತ್ತಿ ಮಾತ್ರ ಭಾರತೀಯ ಜ್ಞಾನಪೀಠದಿಂದ 1978ರ ಬಳಿಕ ಮುದ್ರಣ ಕಂಡಿತು, ಅದೂ ನಾಗರಿ ಲಿಪಿಯಲ್ಲಿ.