ನಮ್ಮೂರಿನ ಕಾಗದ ಎಲ್ಲಿದೆ?

ಪ್ರೌಢಶಾಲೆಯಲ್ಲಿ ಇತಿಹಾಸದ ಆಧಾರಗಳು ಯಾವುವು ಎಂಬ ಪ್ರಶ್ನೆ ಪರೀಕ್ಷೆಗೆ ಬರುತ್ತಿತ್ತು. ಶಾಸನ, ನಾಣ್ಯ, ಸಾಹಿತ್ಯ, ಸರ್ಕಾರಿ ದಾಖಲೆ ಎಂದು ನಾಲ್ಕು ಅಂಶ ಬರೆದು ಅಂಕ ಪಡೆಯುತ್ತಿದ್ದೆವು. ಆ ದಾಖಲೆಗಳು ಎಲ್ಲಿರುತ್ತವೆ, ಯಾರು ಕಾಯುತ್ತಾರೆ, ನಮ್ಮಂಥವರು ಕೇಳಿದರೆ ತೋರಿಸುತ್ತಾರೆಯೇ ಎಂದು ಆಗ ಯೋಚಿಸಿದ್ದಿಲ್ಲ. ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿ ಎಷ್ಟೋ ವರ್ಷಗಳಾದ ಮೇಲೆ ಆ ಪ್ರಶ್ನೆ ನಮ್ಮ ಮನೆಗೇ ಬಂತು.

ಒಂದು ದಿನ ದೊಡ್ಡಪ್ಪ ಫೋನ್ ಮಾಡಿ, “ತಮಾ, ಎಪ್ಪತ್ತೈದು ವರ್ಷದ ಕಾಗದ ಬೇಕಡ. ಬೆಂಗಳೂರಲ್ಲಿ ಸಿಗ್ತಾ ನೋಡು” ಎಂದರು. 2006ರ ಅರಣ್ಯ ಹಕ್ಕು ಕಾಯ್ದೆಯಂತೆ ಅವರು ಅರ್ಜಿ ಹಾಕಿದ್ದರು. ಬುಡಕಟ್ಟಿಗೆ ಸೇರದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ ಎಪ್ಪತ್ತೈದು ವರ್ಷ, ಅಲ್ಲಿ ವಾಸವಾಗಿದ್ದರೆಂದು ತೋರಿಸಬೇಕು. ನಮ್ಮ ಜಿಲ್ಲೆಯಲ್ಲಿ ಇಂಥ ಅರ್ಜಿ ಹಾಕಿದವರು ಊರೂರಿಗೂ ಇದ್ದಾರೆ. ಕಾಗದ ಸಿಕ್ಕದಿದ್ದರೆ ಅಜ್ಜ ಬದುಕಿದ ಜಾಗ ಅತಿಕ್ರಮಣ ಎಂದಾಗುತ್ತದೆ ಎಂಬ ಭಯ ಎಲ್ಲರಲ್ಲೂ ಇದೆ.

ಬೆಂಗಳೂರಿನ ವಿಕಾಸಸೌಧದಲ್ಲಿ ಕರ್ನಾಟಕ ರಾಜ್ಯ ಪತ್ರಾಗಾರವಿದೆ. 1973ರಲ್ಲಿ ಆರಂಭವಾದ ಇಲಾಖೆ ಅದು. ರಜೆ ಹಾಕಿ ಹೋದೆ. ಅಲ್ಲಿ ನನಗೆ ಸಿಕ್ಕ ಪತ್ರಾಗಾರದ ಸಿಬ್ಬಂದಿ ಮೊದಲು ಕೇಳಿದ್ದು, “ಯಾವ ವರ್ಷದ್ದು ಬೇಕು? ಆಗ ನಿಮ್ಮ ತಾಲ್ಲೂಕು ಯಾವ ಸರ್ಕಾರದ ಕೆಳಗಿತ್ತು?” ನಾನು ಸುಮ್ಮನಾದೆ. ಅವರು ನಕ್ಕು, ಚೀಟಿಯ ಹಿಂದೆ ಪೆನ್ಸಿಲ್‌ನಲ್ಲಿ ನಮ್ಮ ಜಿಲ್ಲೆಯ ಚರಿತ್ರೆಯನ್ನು ನಾಲ್ಕು ಗೆರೆಗಳಲ್ಲಿ ಬರೆದು ತೋರಿಸಿದರು. ಮುಂದೆ ಓದಿ ತಿಳಿದದ್ದನ್ನೂ ಸೇರಿಸಿ ಆ ನಾಲ್ಕು ಗೆರೆಗಳನ್ನು ಇಲ್ಲಿ ಹೇಳುತ್ತೇನೆ.

ಮೊದಲನೆಯದು ಸೋದೆ ಅರಸರ ಕಾಲ. 1760ರ ದಶಕದಲ್ಲಿ ಹೈದರಾಲಿ ಸೋದೆಯನ್ನು ಗೆದ್ದಾಗ ಅರಸರು ಪೋರ್ಚುಗೀಸರ ಆಶ್ರಯ ಬೇಡಿ ಗೋವೆಗೆ ಹೋದರು. ಆದ್ದರಿಂದ ಸೋದೆಯ ವಿಷಯದ ಎಷ್ಟೋ ಪತ್ರಗಳು ಇಂದು ಗೋವೆಯ ಪತ್ರಾಗಾರದಲ್ಲಿವೆ. 1595ರಲ್ಲೇ ಆರಂಭವಾದ ಪತ್ರಾಗಾರ ಅದು.

ಎರಡನೆಯದು ಮದ್ರಾಸು. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೆನರಾ ಕಂಪನಿ ಸರ್ಕಾರಕ್ಕೆ ಸೇರಿತು. ಇಲ್ಲಿ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಹಿಂದಿನ ಅರಸರ ಕಾಲದ ಲೆಕ್ಕಗಳನ್ನು ತರಿಸಿ ನೋಡಿದ. ಕನ್ನಡ ನಾಡಿನ ಶಾನುಭೋಗರು ಆಗ ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲು ಬಳಿದು, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಅದರ ಹೆಸರು ಕಡತ. ಇಂದು ಕಚೇರಿಯ ಫೈಲಿಗೆ ಕಡತ ಎನ್ನುವುದು ಅಲ್ಲಿಂದ ಬಂದ ಮಾತು. ಆ ಕಾಲದ ಸರ್ಕಾರಿ ಪತ್ರವ್ಯವಹಾರ ಚೆನ್ನೈನ ಎಗ್ಮೋರಿನಲ್ಲಿರುವ ಪತ್ರಾಗಾರದಲ್ಲಿದೆ.

ಮೂರನೆಯದು ಮುಂಬಯಿ. 1862ರಲ್ಲಿ ಉತ್ತರ ಕೆನರಾವನ್ನು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಅರಣ್ಯ, ಕಂದಾಯ, ಸತ್ಯಾಗ್ರಹದ ಕಾಲದ ಪೊಲೀಸ್ ವರದಿ, ಹೀಗೆ ಸುಮಾರು ತೊಂಬತ್ತು ವರ್ಷಗಳ ಕಾಗದ ಆ ಸರ್ಕಾರದ ಬಳಿ ಸೇರಿತು. ಅದು ಈಗ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಮಹಾರಾಷ್ಟ್ರ ಪತ್ರಾಗಾರದಲ್ಲಿದೆ. ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟ ವ್ಯವಸ್ಥೆ, ಘಟ್ಟದ ಮೇಲೆ ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಎಂದು ನಾವು ಇಂದಿಗೂ ಹೇಳುವ ಲೆಕ್ಕ, ಈ ಕಾಲದ್ದು.

ನಾಲ್ಕನೆಯ ಗೆರೆ 1956ರ ನವೆಂಬರ್ 1ರದ್ದು. ಅಂದಿನಿಂದ ನಾವು ಮೈಸೂರು ರಾಜ್ಯಕ್ಕೆ, ನಮ್ಮ ಕಾಗದ ಬೆಂಗಳೂರಿಗೆ. ದೊಡ್ಡಪ್ಪನಿಗೆ ಬೇಕಾದದ್ದು 1930ಕ್ಕೂ ಹಿಂದಿನದು. ಅದನ್ನು ನಾನು ಬೆಂಗಳೂರಿನಲ್ಲಿ ಹುಡುಕುತ್ತಿದ್ದೆ!

ನಮ್ಮ ಸಾಫ್ಟ್‌ವೇರಿನವರಿಗೆ ಒಂದು ಪದ ಕೊಟ್ಟರೆ ಸಾಕು, ಕಂಪ್ಯೂಟರ್ ಹುಡುಕಿಕೊಡುತ್ತದೆ ಎಂಬ ಅಭ್ಯಾಸ. ಪತ್ರಾಗಾರದಲ್ಲಿ ‘ಉಮ್ಮಚಗಿ’ ಎಂದು ಹುಡುಕಿದರೆ ಬಹುಶಃ ಏನೂ ಸಿಗುವುದಿಲ್ಲ. ಅಲ್ಲಿ ಕಾಗದಗಳನ್ನು ವಿಷಯದ ಮೇಲೆ ಜೋಡಿಸುವುದಿಲ್ಲ. ಯಾವ ಕಚೇರಿ, ಯಾವ ಇಲಾಖೆ, ಯಾವ ವರ್ಷ ಅದನ್ನು ಬರೆಯಿತೋ ಆ ಕ್ರಮದಲ್ಲೇ ಇಡುತ್ತಾರೆ. ಕ್ರಮ ಕೆಡಿಸಿದರೆ ಯಾರು ಯಾರಿಗೆ ಏಕೆ ಬರೆದರು ಎಂಬುದು ತಿಳಿಯದೆ ಹೋಗುತ್ತದೆ. ಜೊತೆಗೆ ಇಂಗ್ಲಿಷ್ ಗುಮಾಸ್ತರು ಊರ ಹೆಸರನ್ನು ಕಿವಿಗೆ ಕೇಳಿದಂತೆ ಬರೆದಿದ್ದಾರೆ. ಸೋದೆ ಅವರಿಗೆ ‘ಸೂಂಡಾ’. ಸಂಶೋಧಕರು ತಮ್ಮ ಪ್ರಶ್ನೆ ಹೇಳುತ್ತಾರೆ. ಅದು ಯಾವ ಕಚೇರಿಯ, ಯಾವ ಸಂಪುಟದ ವಿಷಯ ಎಂದು ಪತ್ರಾಗಾರದವರು ತಿಳಿಸುತ್ತಾರೆ. ಮತ್ತೆ ಪರಿಚಯ ಪತ್ರ, ಬೇಡಿಕೆ ಚೀಟಿ, ಕಟ್ಟು ಬರುವ ತನಕ ಕಾಯುವುದು. ಶಾಯಿ ಪೆನ್ನು ಹಾಳೆಯ ಹತ್ತಿರ ಸುಳಿಯಬಾರದು. ಇವೆಲ್ಲ ಮೊದಲ ದಿನ ಕಿರಿಕಿರಿ ಎನಿಸಿತು. ಮುಟ್ಟಿದರೆ ಮುರಿಯುವ ಹಾಳೆಯನ್ನು ಕಂಡ ಮೇಲೆ ಅರ್ಥವಾಯಿತು.

ಭಾರತದಲ್ಲಿ ಈ ಕೆಲಸಕ್ಕೆ ಕೇಂದ್ರ ಇಲಾಖೆ ಆರಂಭವಾದದ್ದು 1891ರ ಮಾರ್ಚ್ 11ರಂದು, ಕಲ್ಕತ್ತೆಯಲ್ಲಿ. ಅದೇ ಇಂದಿನ ದೆಹಲಿಯ ರಾಷ್ಟ್ರೀಯ ಪತ್ರಾಗಾರ. ನಮ್ಮ ಕರಾವಳಿಯ ಇತಿಹಾಸಕಾರ ಡಾ. ಭಾಸ್ಕರ ಆನಂದ ಸಾಲೆತೊರೆ ಅವರು ಅದರ ನಿರ್ದೇಶಕರಾಗಿದ್ದರು. ಈಗ ಅದರ ‘ಅಭಿಲೇಖ್ ಪಟಲ್’ ಜಾಲತಾಣದಲ್ಲಿ ಎಷ್ಟೋ ದಾಖಲೆಗಳನ್ನು ಮನೆಯಿಂದಲೇ ನೋಡಬಹುದು.

ಆ ಸಿಬ್ಬಂದಿ ನನಗೆ ಇನ್ನೂ ಎರಡು ವಿಷಯ ಹೇಳಿದರು. ಒಂದು, 1883ರಲ್ಲಿ ಅಚ್ಚಾದ ಮುಂಬಯಿ ಗ್ಯಾಸೆಟಿಯರಿನ ಕೆನರಾ ಸಂಪುಟ ನೋಡಿ. ಅರಣ್ಯ ಹಕ್ಕು ನಿಯಮಗಳಲ್ಲಿ ಗ್ಯಾಸೆಟಿಯರ್, ಜನಗಣತಿ, ಸರ್ವೆ ವರದಿಗಳೂ ಸಾಕ್ಷ್ಯವೇ, ಊರಿನ ಹಿರಿಯರ ಲಿಖಿತ ಹೇಳಿಕೆಯೂ ಸಾಕ್ಷ್ಯವೇ. ಎರಡು, “ರಾಜಧಾನಿಗೆ ಬರುವ ಮೊದಲು ಊರ ಶಾಲೆಯ ಪುಸ್ತಕ ನೋಡಿದಿರಾ?”

ನೋಡಿರಲಿಲ್ಲ. ಊರಿಗೆ ಬಂದು ಹಳೆಯ ಪ್ರಾಥಮಿಕ ಶಾಲೆಯೊಂದರ ದಾಖಲಾತಿ ಪುಸ್ತಕ ತೆಗೆಸಿದೆವು. ಅಂಚು ಗೆದ್ದಲು ತಿಂದಿತ್ತು. ಒಂದು ಪುಟದಲ್ಲಿ ಅಜ್ಜನ ಹೆಸರು, ತಂದೆಯ ಹೆಸರು, ಮಜರೆಯ ಹೆಸರು, ಎಪ್ಪತ್ತೈದು ವರ್ಷದ ಗಡಿಗಿಂತ ಹಿಂದಿನ ತಾರೀಖು. ದೊಡ್ಡಪ್ಪ ಆ ಸಾಲಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಕುಳಿತಿದ್ದರು. ಅಜ್ಜ ಶಾಲೆಗೆ ಹೋಗಿದ್ದು ಅವರಿಗೂ ಗೊತ್ತಿರಲಿಲ್ಲ. ಅರ್ಜಿ ಇನ್ನೂ ತೀರ್ಮಾನವಾಗಿಲ್ಲ, ಆದರೆ ಆ ಪುಟದ ದೃಢೀಕೃತ ನಕಲು ಅದರಲ್ಲಿ ಸೇರಿದೆ. ಅದೇ ಪುಸ್ತಕದ ಮುಂದಿನ ಪುಟಗಳು ಗೆದ್ದಲಿನ ಪಾಲಾಗಿದ್ದವು. ಅಲ್ಲಿ ಯಾರ ಅಜ್ಜನ ಹೆಸರಿತ್ತೋ ಯಾರೂ ಹೇಳಲಾರರು.

ನಮ್ಮ ಪ್ರೌಢಶಾಲೆಗೆ ಈಗ ಐವತ್ತು. ಇಲ್ಲಿನ ದಾಖಲಾತಿ ಪುಸ್ತಕ, ಹಾಜರಿ, ಸಭೆಯ ನಡಾವಳಿ, ಫೋಟೋಗಳು ಇನ್ನೈವತ್ತು ವರ್ಷಕ್ಕೆ ಯಾರದೋ ಆಧಾರವಾಗುತ್ತವೆ. ಮಲೆನಾಡಿನ ಮಳೆಗೆ ಅವು ಉಳಿಯಬೇಕಾದರೆ ನೆಲ, ಗೋಡೆ ತಾಗದಂತೆ ಕಬ್ಬಿಣದ ಕಪಾಟಿನಲ್ಲಿಡಬೇಕು. ಪ್ಲಾಸ್ಟಿಕ್ಕಿನ ಬದಲು ಹತ್ತಿ ಬಟ್ಟೆಯಲ್ಲಿ ಕಟ್ಟಬೇಕು. ಹರಿದ ಹಾಳೆಗೆ ಸೆಲ್ಲೋಟೇಪ್ ಹಚ್ಚಬಾರದು, ಅಂಗಡಿಯಲ್ಲಿ ಲ್ಯಾಮಿನೇಶನ್ ಮಾಡಿಸಬಾರದು. ಯಾವ ಕಟ್ಟಿನಲ್ಲಿ ಏನಿದೆ ಎಂದು ಒಂದು ನೋಟುಬುಕ್ಕಿನಲ್ಲಿ ಪಟ್ಟಿ ಬರೆದಿಡಬೇಕು.

ಮುಖ್ಯೋಪಾಧ್ಯಾಯರ ಒಪ್ಪಿಗೆ ಸಿಕ್ಕರೆ ಬರುವ ಬೇಸಿಗೆ ರಜೆಯಲ್ಲಿ ನಾನು ಸ್ಕ್ಯಾನರ್ ತರುತ್ತೇನೆ. ಮಕ್ಕಳ ಖಾಸಗಿ ವಿವರ ಹೊರಗೆ ಹೋಗದಂತೆ ಪ್ರತಿಗಳು ಶಾಲೆಯಲ್ಲೇ ಇರಲಿ. ಪುಟ ತಿರುಗಿಸಲು, ಪಟ್ಟಿ ಬರೆಯಲು ನನ್ನ ಜೊತೆ ಓದಿದವರು ನಾಲ್ಕು ಮಂದಿ ಬಂದರೆ ಒಂದು ವಾರದಲ್ಲಿ ಮುಗಿದೀತು.